ಪರೇಲಿನ ಇನ್ನೊಂದು ನೂಲು

ಪರೇಲು ಎಂದೊಡನೆ ಮುಂಬಯಿಯ ಹಳೆಯ ಕನ್ನಡಿಗರಿಗೆ ನೆನಪಾಗುವ ಸಂಗತಿಗಳು ಎರಡು: ಒಂದು ಬಟ್ಟೆ ಗಿರಣಿಗಳು, ಇನ್ನೊಂದು ಟಾಟಾ ಆಸ್ಪತ್ರೆ. ೧೯೮೨ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ಅನಂತರ ಗಿರಣಿಗಳ ಭೋಂಗಾ ಒಂದೊಂದಾಗಿ ಮೌನವಾಯಿತು. ಚಿಮಣಿಗಳಿದ್ದ ಎಷ್ಟೋ ಜಾಗಗಳಲ್ಲಿ ಇಂದು ಮುಗಿಲು ಮುಟ್ಟುವ ಕಟ್ಟಡಗಳಿವೆ. ನೂಲಿನ ಕೆಲಸ ಪರೇಲನ್ನು ಬಿಟ್ಟುಹೋಯಿತೆಂದು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಗಿರಣಿಗಳು ಮುಚ್ಚುತ್ತಿದ್ದ ಆ ವರ್ಷಗಳಲ್ಲಿಯೇ ಟಾಟಾ ಆಸ್ಪತ್ರೆಯ ಬಳಿಯ ಸಂಶೋಧನಾಲಯದಲ್ಲಿ ಇನ್ನೊಂದು ಬಗೆಯ ನೂಲಿನ ಪರೀಕ್ಷೆ ನಡೆದಿತ್ತು. ಆ ನೂಲು ನಮ್ಮ ನಿಮ್ಮೆಲ್ಲರ ಚರ್ಮದಲ್ಲಿಯೂ ಬಾಯಿಯ ಒಳಪದರದಲ್ಲಿಯೂ ಇದೆ. ಅದರ ಹೆಸರು ಕೆರಟಿನ್. ಆ ನೂಲನ್ನು ಅದರ ಸ್ಥಾನದಲ್ಲಿ ಕಟ್ಟಿ ನಿಲ್ಲಿಸುವ ಗಂಟುಗಳ ಇತಿಹಾಸವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾವು ವಿಜ್ಞಾನದ ವಿದ್ಯಾರ್ಥಿಗಳಲ್ಲ; ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುತ್ತಿರುವವರು. ಸಿಬ್ಬಂದಿಯ ವೈದ್ಯಕೀಯ ಖರ್ಚಿನ ಬಿಲ್ಲುಗಳು ನಮ್ಮ ಮೇಜಿನ ಮೇಲೆ ಹಾದುಹೋಗುತ್ತವೆ. ಅವುಗಳಿಗೆ ಲಗತ್ತಿಸಿದ ಪರೀಕ್ಷಾ ವರದಿಗಳಲ್ಲಿ ‘ಸೈಟೊಕೆರಟಿನ್’ ಎಂಬ ಪದವನ್ನು ಮತ್ತೆ ಮತ್ತೆ ಕಂಡು, ಇದೇನಿರಬಹುದೆಂದು ತಿಳಿಯುವ ಹಂಬಲ ಹುಟ್ಟಿತು. ಬಲ್ಲವರನ್ನು ಕೇಳಿ, ಓದಲು ಸಾಧ್ಯವಾದದ್ದನ್ನು ಓದಿ, ತಿಳಿದಷ್ಟನ್ನು ಇಲ್ಲಿ ಸಂಗ್ರಹಿಸಿದ್ದೇವೆ. ಈ ವಿಷಯ ಪಂಡಿತರಿಗೇ ಮೀಸಲಾದದ್ದಲ್ಲ, ತಾಂಬೂಲದ ತಟ್ಟೆಯಿರುವ ಪ್ರತಿಯೊಂದು ಮನೆಗೂ ಸಂಬಂಧಪಟ್ಟದ್ದು ಎಂಬುದು ಮುಂದೆ ವಾಚಕರಿಗೇ ತಿಳಿದುಬರುತ್ತದೆ.

ಮೊದಲು ಪರೇಲಿನ ಕಥೆ. ೧೯೩೧ರಲ್ಲಿ ಲೇಡಿ ಮೆಹರ್‌ಬಾಯಿ ಟಾಟಾ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಪತಿ ಸರ್ ದೊರಾಬ್‌ಜಿ ಟಾಟಾ ಅವರ ಹೆಸರಿನ ಧರ್ಮನಿಧಿಯಿಂದ ಕಟ್ಟಿದ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರ ಫೆಬ್ರವರಿ ೨೮ರಂದು ಆರಂಭವಾಯಿತು. ಕ್ಯಾನ್ಸರನ್ನು ನಮ್ಮ ಹಳೆಯ ಪುಸ್ತಕಗಳು ಏಡಿಗಂತಿ ಎಂದು ಕರೆದಿವೆ. ಏಡಿಯಂತೆ ಕೊಂಬು ಚಾಚಿ ಹಿಡಿಯುವ ಈ ರೋಗವನ್ನು ಅಂಗಾಂಶದ ಚೂರುಗಳಲ್ಲಿ ಪರೀಕ್ಷಿಸುವ ಹೊಣೆಯನ್ನು ಅಲ್ಲಿ ಹೊತ್ತವರು ಡಾ. ವಸಂತ ರಾಮಜಿ ಖಾನೋಲ್ಕರರು. ಅವರು ಒಂದು ಸಾವಿರ ಮಂದಿ ಬಾಯಿಯ ಕ್ಯಾನ್ಸರ್ ರೋಗಿಗಳ ವಿವರಗಳನ್ನು ಒಂದಾದಮೇಲೊಂದರಂತೆ ಪರಿಶೀಲಿಸಿ ೧೯೪೪ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬಾಯಿಯ ಕ್ಯಾನ್ಸರು ನಮ್ಮ ನಾಡಿನಲ್ಲಿ ಏಕೆ ಇಷ್ಟು ಹೆಚ್ಚು, ಇದಕ್ಕೂ ಜನರ ರೂಢಿಗಳಿಗೂ ಏನು ನಂಟು ಎಂಬ ಪ್ರಶ್ನೆಯನ್ನು ಅವರು ಜೀವಮಾನವಿಡೀ ಬೆನ್ನಟ್ಟಿದರು.

೧೯೫೨ರಲ್ಲಿ ಪರೇಲಿನಲ್ಲಿಯೇ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಖಾನೋಲ್ಕರರೇ ಅದರ ಮೊದಲ ನಿರ್ದೇಶಕರು. ಅವರ ಶಿಷ್ಯೆ ಡಾ. ಕಮಲ ರಣದಿವೆ ಅವರು ಅಮೇರಿಕೆಯ ಬಾಲ್ಟಿಮೋರಿನಲ್ಲಿ ಜಾರ್ಜ್ ಗೇ ಎಂಬ ವಿಜ್ಞಾನಿಯ ಬಳಿ ಕಲಿತು ಬಂದು, ಜೀವಕೋಶಗಳನ್ನು ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಬೆಳೆಸುವ ನಮ್ಮ ದೇಶದ ಮೊದಲ ಪ್ರಯೋಗಾಲಯವನ್ನು ಈ ಕೇಂದ್ರದಲ್ಲಿ ಕಟ್ಟಿದರು. ೧೯೬೨ರಲ್ಲಿ ಆಸ್ಪತ್ರೆಯ ಆಡಳಿತ ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಗೆ ಬಂದಿತು. ೧೯೬೬ರಲ್ಲಿ ಆಸ್ಪತ್ರೆಯೂ ಸಂಶೋಧನಾಲಯವೂ ಕೂಡಿ ಟಾಟಾ ಸ್ಮಾರಕ ಕೇಂದ್ರವೆನಿಸಿದವು. ರೋಗಿಯ ಹಾಸಿಗೆಯೂ ಸೂಕ್ಷ್ಮದರ್ಶಕವೂ ಹೀಗೆ ಒಂದೇ ಆಡಳಿತದ ಕೆಳಗೆ ಬಂದದ್ದರ ಮಹತ್ವ ಮುಂದೆ ಕಾಣುತ್ತದೆ.

ಈ ಸಂಶೋಧನಾಲಯ ಮುಂದೆ ಮಾಡಿದ ಕೆಲಸ ಅರ್ಥವಾಗಬೇಕಾದರೆ ನಾವು ತುಸು ಹೊತ್ತು ಮುಂಬಯಿಯನ್ನು ಬಿಟ್ಟು ಯುರೋಪಿಗೆ ಹೋಗಬೇಕಾಗುತ್ತದೆ. ಗ್ರೀಕ್ ಭಾಷೆಯಲ್ಲಿ ‘ಕೆರಾಸ್’ ಎಂದರೆ ಕೊಂಬು. ಕೊಂಬು, ಗೊರಸು, ಉಗುರು, ಕೂದಲು, ಕುರಿಯ ಉಣ್ಣೆ ಇವೆಲ್ಲ ಮುಖ್ಯವಾಗಿ ಒಂದೇ ಜಾತಿಯ ಪ್ರೋಟೀನಿನಿಂದ ಆದವು, ಅದೇ ಕೆರಟಿನ್. ಇದರ ರಚನೆಯನ್ನು ಮೊದಲು ಬೆದಕಿದವರು ವೈದ್ಯರಲ್ಲ, ಜವಳಿಯವರು ಎಂಬುದು ಗಿರಣಿಗಳ ಊರಿನವರಾದ ನಮಗೆ ಸ್ವಾರಸ್ಯದ ಸಂಗತಿ. ಇಂಗ್ಲೆಂಡಿನ ಲೀಡ್ಸ್ ಪಟ್ಟಣ ಉಣ್ಣೆಯ ಗಿರಣಿಗಳಿಗೆ ಹೆಸರಾದುದು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ೧೯೨೮ರಲ್ಲಿ ಬಂದ ವಿಲಿಯಂ ಆಸ್ಟ್‌ಬರಿ ಎಂಬವರು ಉಣ್ಣೆಯ ಎಳೆಯ ಮೇಲೆ ಕ್ಷಕಿರಣಗಳನ್ನು ಹಾಯಿಸಿ, ಎಳೆಯನ್ನು ಜಗ್ಗಿದಾಗ ಒಳಗಿನ ವಿನ್ಯಾಸವೇ ಬದಲಾಗುವುದೆಂದು ತೋರಿಸಿದರು. ೧೯೫೧ರಲ್ಲಿ ಅಮೇರಿಕೆಯ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಆ ವಿನ್ಯಾಸ ಸುರುಳಿಯಾಕಾರದ್ದೆಂದು ಸಾರಿದರು. ಅಂಥ ಸುರುಳಿಗಳು ಒಂದಕ್ಕೊಂದು ಹೊಸೆದುಕೊಂಡಿವೆಯೆಂಬುದು ೧೯೫೩ರ ಸುಮಾರಿಗೆ ತಿಳಿಯಿತು. ಹಳ್ಳಿಯಲ್ಲಿ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೂಲು ಕೂದಲು ಉಗುರುಗಳಲ್ಲಿ ಮಾತ್ರವಲ್ಲದೆ, ಚರ್ಮದ ಮತ್ತು ಬಾಯಿಯ ಒಳಪದರದ ಜೀವಕೋಶಗಳಲ್ಲಿ ಬಲೆಯಂತೆ ಹರಡಿಕೊಂಡಿದೆ. ಒಂದೊಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ಒಂದು ಲಕ್ಷದಲ್ಲೊಂದು ಪಾಲು. ತಲೆಗೂದಲಿನ ಅಡ್ಡಗಲಕ್ಕೆ ಅಂಥ ಎಂಟು ಸಾವಿರ ಎಳೆಗಳನ್ನು ಒತ್ತಾಗಿ ಇಡಬಹುದು. ಮನುಷ್ಯನಲ್ಲಿ ಕೆರಟಿನ್ನಿನ ಐವತ್ತಕ್ಕೂ ಹೆಚ್ಚು ಬಗೆಗಳಿದ್ದು, ಅವಕ್ಕೆ ಅಂಕಿಗಳಿಂದ ಹೆಸರಿಟ್ಟಿದ್ದಾರೆ. ಅವು ಎಂದೂ ಒಂಟಿಯಾಗಿ ಎಳೆಗಟ್ಟುವುದಿಲ್ಲ. ಆಮ್ಲಗುಣದ ಒಂದು, ಕ್ಷಾರಗುಣದ ಒಂದು ಜೊತೆಗೂಡಿಯೇ ಎಳೆಯಾಗಬೇಕು. ಚರ್ಮ ಮತ್ತು ಬಾಯಿಯ ತಳಸಾಲಿನ ಜೀವಕೋಶಗಳಲ್ಲಿ ೫ ಮತ್ತು ೧೪ರ ಜೋಡಿ. ಯಕೃತ್ತು, ಕರುಳು ಮೊದಲಾದ ಒಂಟಿಪದರದ ಅಂಗಗಳಲ್ಲಿ ೮ ಮತ್ತು ೧೮ರ ಜೋಡಿ. ಈ ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಎಳೆ ಎಷ್ಟು ಗಟ್ಟಿಯಾಗಿದ್ದರೇನು, ಅದರ ತುದಿಯನ್ನು ಎಲ್ಲಿಯೂ ಕಟ್ಟದಿದ್ದರೆ ಅದು ಭಾರ ಹೊರಲಾರದು. ಹಗ್ಗಕ್ಕೆ ಗೂಟ ಬೇಕು. ಹಾಗಾದರೆ ಕೆರಟಿನ್ನಿನ ಗೂಟ ಎಲ್ಲಿದೆ? ಇಟಲಿಯ ಜೂಲಿಯೊ ಬಿಜ್ಜೊಜೆರೊ ಎಂಬ ವೈದ್ಯನು ೧೮೬೪ರಲ್ಲಿ ಚರ್ಮದ ಜೀವಕೋಶಗಳು ಒಂದನ್ನೊಂದು ತಾಗುವ ಕಡೆಗಳಲ್ಲಿ ಸಣ್ಣ ಸಣ್ಣ ಗಂಟುಗಳನ್ನು ಕಂಡನು. ಇವು ಅಂಟಿಕೊಳ್ಳುವ ಜಾಗಗಳೆಂದು ಅವನ ಅಭಿಪ್ರಾಯ. ಇನ್ನು ಕೆಲವರು ಇವು ಸೇತುವೆಗಳು, ಇವುಗಳ ಮೂಲಕ ಒಂದು ಜೀವಕೋಶದ ರಸ ಇನ್ನೊಂದಕ್ಕೆ ಹರಿಯುತ್ತದೆ ಎಂದು ವಾದಿಸಿದರು. ೧೯೨೦ರಲ್ಲಿ ಯೋಸೆಫ್ ಶಾಫರ್ ಎಂಬವರು ಈ ಗಂಟಿಗೆ ‘ಡೆಸ್ಮೊಸೋಮ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಬಂಧನಕಾಯ ಎಂದರ್ಥ. ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಮೇಲೆ ಕೀತ್ ಪೋರ್ಟರ್ ಮೊದಲಾದವರು ಈ ವಿವಾದವನ್ನು ತೀರಿಸಿದರು. ಅದು ಸೇತುವೆಯಲ್ಲ. ಎರಡು ಜೀವಕೋಶಗಳ ಗೋಡೆಗಳು ಬೇರೆಬೇರೆಯಾಗಿಯೇ ಇವೆ. ಎರಡೂ ಗೋಡೆಗಳ ಒಳಮೈಯಲ್ಲಿ ಒಂದೊಂದು ದಟ್ಟವಾದ ಬಿಲ್ಲೆ ಇದೆ. ಆ ಬಿಲ್ಲೆಯ ಬಳಿಗೆ ಒಳಗಿನ ಎಳೆಗಳು ಬಂದು ನಿಲ್ಲುತ್ತವೆ. ತಳಸಾಲಿನ ಜೀವಕೋಶ ತನ್ನ ಕೆಳಗಿನ ತಳಪೊರೆಯ ಮೇಲೆ ಕೂರುವ ಕಡೆಯಲ್ಲಿ ಇಂಥದೇ ಅರ್ಧ ಗಂಟು ಇದೆ. ಇದನ್ನು ಹೆಮಿಡೆಸ್ಮೊಸೋಮ್ ಎನ್ನುತ್ತಾರೆ. ನಾವು ಅರೆಗಂಟು ಎನ್ನೋಣ. ಮೊದಲನೆಯದು ನೆರೆಯವರ ಕೈ ಹಿಡಿಯುವ ಗಂಟು, ಎರಡನೆಯದು ನೆಲವನ್ನು ಹಿಡಿಯುವ ಗಂಟು.

ಎಳೆಗೂ ಬಿಲ್ಲೆಗೂ ನಡುವೆ ನಿಂತು ಎರಡನ್ನೂ ಹಿಡಿಯುವ ಪದಾರ್ಥ ಯಾವುದು? ಇದಕ್ಕೆ ಉತ್ತರ ೧೯೮೦ರ ದಶಕದಲ್ಲಿ ದೊರೆಯಿತು. ಜರ್ಮನಿಯ ಹೈಡಲ್‌ಬರ್ಗಿನಲ್ಲಿ ವೆರ್ನರ್ ಫ್ರಾಂಕೆ ಮತ್ತು ಸಂಗಡಿಗರು ಡೆಸ್ಮೊಪ್ಲಾಕಿನ್ ಎಂಬುದನ್ನೂ, ಆಸ್ಟ್ರಿಯದ ವಿಯೆನ್ನಾದಲ್ಲಿ ಗೆರ್‌ಹಾರ್ಡ್ ವಿಖೆ ಅವರು ಪ್ಲೆಕ್ಟಿನ್ ಎಂಬುದನ್ನೂ ಗುರುತಿಸಿದರು. ಪ್ಲೆಕ್ಟಿನ್ ಎಂಬ ಹೆಸರು ಹೆಣೆಯುವುದನ್ನು ಸೂಚಿಸುವ ಗ್ರೀಕ್ ಪದದಿಂದ ಬಂದದ್ದು. ಇವೇ ಕೊಂಡಿ ಪ್ರೋಟೀನುಗಳು. ಪ್ರೋಟೀನುಗಳಲ್ಲಿ ಇವು ದೈತ್ಯಗಳು. ಪ್ಲೆಕ್ಟಿನ್ನಿನ ಒಂದು ಅಣುವಿನಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ಬ್ಯಾಂಕಿನವರಾದ ನಮಗೆ ಇವುಗಳ ಸ್ವಭಾವ ಬೇಗ ಮನವರಿಕೆಯಾಯಿತು. ಜಮೆಯೂ ಖರ್ಚೂ ಎರಡೂ ಪುಟಗಳಲ್ಲಿ ಬೀಳದೆ ಯಾವ ವ್ಯವಹಾರವೂ ಪೂರ್ತಿಯಾಗದು. ಹಾಗೆಯೇ ಈ ಪ್ರೋಟೀನಿನ ತಲೆ ಗೋಡೆಯ ಬಿಲ್ಲೆಯನ್ನು ಹಿಡಿದಿರಬೇಕು, ಬಾಲ ಎಳೆಯನ್ನು ಹಿಡಿದಿರಬೇಕು. ಒಂದು ಕಡೆ ತಪ್ಪಿದರೂ ಲೆಕ್ಕ ಕೂಡುವುದಿಲ್ಲ.

ಬಾಲವು ಎಳೆಯನ್ನು ಹಿಡಿಯುವ ರೀತಿ ೨೦೦೨ರಲ್ಲಿ ಬೆಳಕಿಗೆ ಬಂದಿತು. ಅಮೇರಿಕೆಯ ವಿಜ್ಞಾನಿಗಳು ಡೆಸ್ಮೊಪ್ಲಾಕಿನ್ನಿನ ಬಾಲದ ತುಣುಕುಗಳನ್ನು ಹರಳುಗಟ್ಟಿಸಿ ನೋಡಿದಾಗ, ಅಲ್ಲಿ ಗುಂಡಗಿನ ಉಬ್ಬುಗಳೂ, ಉಬ್ಬಿನ ಮೈಮೇಲೆ ಒಂದು ತೋಡೂ ಕಂಡಿತು. ಈ ತೋಡಿನ ಒಳಮೈಯಲ್ಲಿ ಧನ ವಿದ್ಯುತ್ತಿನ ಅಂಶ ಹೆಚ್ಚು. ಎಳೆಯ ಮೈಯಲ್ಲಿ ಋಣ ವಿದ್ಯುತ್ತಿನ ತಾಣಗಳಿವೆ. ಇವೆರಡೂ ಒಂದನ್ನೊಂದು ಸೆಳೆಯುತ್ತವೆ. ಡೆಸ್ಮೊಪ್ಲಾಕಿನ್ನಿಗೆ ಇಂಥ ಉಬ್ಬುಗಳು ಮೂರು. ಒಂದೊಂದರ ಹಿಡಿತ ಬಿಡಿಯಾಗಿ ನೋಡಿದರೆ ದುರ್ಬಲ, ಕೂಡಿದರೆ ಬಲ. ತೇರಿನ ಮಿಣಿಯನ್ನು ಒಬ್ಬನ ಕೈ ಎಳೆಯಲಾರದು. ನೂರು ಕೈ ಸೇರಿದರೆ ತೇರು ಹೊರಡುತ್ತದೆ. ದುರ್ಬಲವಾದ ಹಿಡಿತಗಳಿಂದ ಇನ್ನೊಂದು ಅನುಕೂಲವೂ ಇದೆ: ಬೇಕಾದಾಗ ಬಿಡಬಹುದು. ಬಾಲದ ತುದಿಯಲ್ಲಿರುವ ಒಂದು ತಾಣಕ್ಕೆ ಫಾಸ್ಫೇಟು ಅಂಟಿಕೊಂಡರೆ ಹಿಡಿತ ಸಡಿಲವಾಗುವುದೆಂದು ಷಿಕಾಗೋದ ಕ್ಯಾಥ್ಲೀನ್ ಗ್ರೀನ್ ಅವರ ಪ್ರಯೋಗಾಲಯ ೧೯೯೪ರಲ್ಲಿಯೇ ತೋರಿಸಿತ್ತು. ಗಾಯ ಮಾಯುವಾಗ ಜೀವಕೋಶಗಳು ಸರಿದು ಬಂದು ಬರಿದಾದ ಜಾಗವನ್ನು ಮುಚ್ಚಬೇಕಷ್ಟೆ. ಎಂದೂ ಬಿಚ್ಚದ ಗಂಟಾಗಿದ್ದರೆ ಗಾಯ ಮಾಯುವುದಾದರೂ ಹೇಗೆ?

ಗಂಟು ಹುಟ್ಟಿನಿಂದಲೇ ಕೆಟ್ಟಿದ್ದರೆ ಏನಾಗುವುದೆಂಬುದನ್ನು ಕೆಲವು ನತದೃಷ್ಟ ಕುಟುಂಬಗಳ ರೋಗಗಳು ತಿಳಿಸಿಕೊಟ್ಟವು. ಸ್ವಲ್ಪ ಉಜ್ಜಿದರೂ ಮಗುವಿನ ಚರ್ಮದ ಮೇಲೆ ಬೊಕ್ಕೆಯೇಳುವ ಒಂದು ವಂಶಪಾರಂಪರ್ಯ ರೋಗವುಂಟು. ಅದರಲ್ಲಿ ಕೆರಟಿನ್ ಎಳೆಯೇ ದೋಷಯುಕ್ತವಾಗಿರುವುದು ೧೯೯೧ರಲ್ಲಿ ಸಿದ್ಧವಾಯಿತು. ಅದರ ಇನ್ನೊಂದು ಪ್ರಕಾರದಲ್ಲಿ ಎಳೆ ಸರಿಯಾಗಿಯೇ ಇದ್ದು ಪ್ಲೆಕ್ಟಿನ್ ಕೆಟ್ಟಿರುವುದೆಂದು ೧೯೯೬ರಲ್ಲಿ ಗೊತ್ತಾಯಿತು. ಆ ರೋಗಿಗಳಿಗೆ ಬೊಕ್ಕೆಯ ಜೊತೆಗೆ ಸ್ನಾಯುಗಳೂ ಕ್ಷೀಣಿಸುತ್ತವೆ. ಡೆಸ್ಮೊಪ್ಲಾಕಿನ್ ಕೆಟ್ಟಿದ್ದ ಕುಟುಂಬಗಳಲ್ಲಿ ಅಂಗೈ ಅಂಗಾಲು ದಪ್ಪಗಟ್ಟಿ, ಕೂದಲು ಉಣ್ಣೆಯಂತಾಗಿ, ಹೃದಯವೂ ದುರ್ಬಲವಾಗುವುದು ೨೦೦೦ದಲ್ಲಿ ವರದಿಯಾಯಿತು. ನೂಲು ಚೆನ್ನಾಗಿದ್ದರೆ ಸಾಲದು, ಗಂಟೂ ಚೆನ್ನಾಗಿರಬೇಕು ಎಂಬ ಪಾಠ ಇವುಗಳಿಂದ ಖಚಿತವಾಯಿತು.

ಈಗ ಪರೇಲಿಗೆ ಮರಳೋಣ. ಖಾನೋಲ್ಕರರು ಕೇಳಿದ್ದ ಬಾಯಿಯ ಕ್ಯಾನ್ಸರಿನ ಪ್ರಶ್ನೆಗೆ ಹೊಸ ತಲೆಮಾರಿನವರು ಈ ನೂಲಿನ ಕಡೆಯಿಂದ ಕೈಯಿಟ್ಟರು. ಮಿಲಿಂದ ವೈದ್ಯ ಅವರೂ ಸಂಶೋಧನಾಲಯದ ಮತ್ತು ಆಸ್ಪತ್ರೆಯ ಸಹೋದ್ಯೋಗಿಗಳೂ ಕೆನ್ನೆಯ ಒಳಪದರದ ಕ್ಯಾನ್ಸರಿನಲ್ಲಿ ಕೆರಟಿನ್ನಿನ ಬಗೆಗಳು ಬದಲಾಗುವುದನ್ನು ಕುರಿತು ೧೯೮೯ರಲ್ಲಿ ಪ್ರಕಟಿಸಿದರು. ಹಾಸಿಗೆಯೂ ಸೂಕ್ಷ್ಮದರ್ಶಕವೂ ಹತ್ತಿರವಿದ್ದುದರ ಫಲವಿದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶ ಸಂಶೋಧಕರ ಕೈಗೆ ಬರುವುದು ಸುಲಭವಾಯಿತು. ಮುಂದಿನ ವರ್ಷಗಳಲ್ಲಿ ಒಂದು ವಿಷಯ ಸ್ಪಷ್ಟವಾಗುತ್ತ ಬಂದಿತು. ನಾವು ಹಿಂದೆ ಹೇಳಿದ ೮ ಮತ್ತು ೧೮ರ ಜೋಡಿ ಬೆಳೆದವರ ಬಾಯಿಯ ಆರೋಗ್ಯವಂತ ಒಳಪದರದಲ್ಲಿ ಸಾಮಾನ್ಯವಾಗಿ ಕಾಣಬಾರದು. ಆದರೆ ಬಾಯಿಯ ಕ್ಯಾನ್ಸರಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಬೇರೊಬ್ಬರ ಖಾತೆಯ ನಮೂದು ನಮ್ಮ ಪುಸ್ತಕದಲ್ಲಿ ಕಂಡಂತೆ ಇದು.

೨೦೦೨ರಲ್ಲಿ ಸಂಶೋಧನಾಲಯ ಪರೇಲಿನಿಂದ ನವಿ ಮುಂಬಯಿಯ ಖಾರ್ಘರಿಗೆ ಹೋಯಿತು. ಅಲ್ಲಿ ಗಂಟುಗಳ ಪರೀಕ್ಷೆ ನಡೆಯಿತು. ಸೊರಾಬ್ ದಲಾಲ್ ಅವರ ಪ್ರಯೋಗಾಲಯ ಮೊದಲ ಬಗೆಯ ಗಂಟನ್ನು, ಅಂದರೆ ನೆರೆಯ ಜೀವಕೋಶವನ್ನು ಹಿಡಿಯುವ ಡೆಸ್ಮೊಸೋಮನ್ನು ಆರಿಸಿಕೊಂಡಿತು. ಅದರ ಬಿಲ್ಲೆಯಲ್ಲಿರುವ ಪ್ಲಾಕೊಫಿಲಿನ್ ೩ ಎಂಬ ಪ್ರೋಟೀನನ್ನು ಕಡಿಮೆ ಮಾಡಿದರೆ ಜೀವಕೋಶಗಳ ಪರಸ್ಪರ ಅಂಟು ತಗ್ಗಿ, ಗಂತಿ ಬೇರೆಡೆಗೆ ಹರಡುವುದು ಹೆಚ್ಚುತ್ತದೆಂದು ೨೦೦೮ರಲ್ಲಿ ತೋರಿಸಿದರು. ವೈದ್ಯ ಅವರ ಪ್ರಯೋಗಾಲಯದ ಗಮನ ನೆಲವನ್ನು ಹಿಡಿಯುವ ಅರೆಗಂಟಿನ ಕಡೆಗಿತ್ತು. ಬಾಯಿಯ ಗಂತಿಯಿಂದ ಪಡೆದ ಜೀವಕೋಶಗಳಲ್ಲಿ ಕೆರಟಿನ್ ೮ ಮತ್ತು ೧೮ನ್ನು ತಗ್ಗಿಸಿದಾಗ ಅರೆಗಂಟಿನ ಇಂಟೆಗ್ರಿನ್ ಎಂಬ ಪ್ರೋಟೀನಿನ ಸಂಜ್ಞೆಗಳು ಬದಲಾಗಿ, ಗಂತಿಯ ಬೆಳವಣಿಗೆ ಇಳಿಯಿತೆಂದು ೨೦೧೧ರಲ್ಲಿ ಪ್ರಕಟಿಸಿದರು. ೨೦೧೭ರಲ್ಲಿ ಅದೇ ಪ್ರಯೋಗಾಲಯ ನೇರವಾಗಿ ಕೊಂಡಿಗಳನ್ನೇ ಮುಟ್ಟಿತು. ಅರೆಗಂಟಿನಲ್ಲಿ ಕೆರಟಿನ್ನನ್ನು ಹಿಡಿಯುವ ಕೊಂಡಿಗಳು ಎರಡು: ಒಂದು ಪ್ಲೆಕ್ಟಿನ್, ಇನ್ನೊಂದು ಬಿ.ಪಿ.ಎ.ಜಿ. ೧-ಇ. ಬಾಯಿಯ ಕ್ಯಾನ್ಸರ್ ಜೀವಕೋಶದ ಸಂಚಾರ, ಅದು ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗುವ ಶಕ್ತಿ, ಗಂತಿ ಕಟ್ಟುವ ಶಕ್ತಿ ಇವು ಮೂರೂ ಈ ಕೊಂಡಿಗಳನ್ನು ಅವಲಂಬಿಸಿವೆ ಎಂಬುದು ಅವರ ನಿರ್ಣಯ.

ಈ ಎರಡು ಕೆಲಸಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನಮಗೆ ಹೊಳೆದದ್ದನ್ನು ಇಲ್ಲಿ ಹೇಳಬೇಕು. ಗಂಟು ಗಟ್ಟಿಯಿದ್ದರೆ ಆರೋಗ್ಯ, ಸಡಿಲವಾದರೆ ರೋಗ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವಂತಿಲ್ಲ. ನೆರೆಯವರ ಕೈಬಿಟ್ಟ ಜೀವಕೋಶ ಅಲೆಯಲು ಹೊರಡುತ್ತದೆ. ಆದರೆ ಅಲೆಯುವವನಿಗೂ ಕಾಲೂರಲು ನೆಲ ಬೇಕು; ಆಗ ಕ್ಯಾನ್ಸರ್ ಜೀವಕೋಶ ನೆಲದ ಗಂಟಿನ ಕೊಂಡಿಗಳನ್ನೇ ತನ್ನ ಉಪಯೋಗಕ್ಕೆ ತಿರುಗಿಸಿಕೊಳ್ಳುತ್ತದೆ. ಯಾವ ಎಳೆ, ಯಾವ ಗಂಟು, ಯಾವ ಹೊತ್ತಿನಲ್ಲಿ ಎಂಬ ಮೂರೂ ಸೇರಿದರೆ ಮಾತ್ರ ಉತ್ತರ. ಇದರಿಂದ ಔಷಧಿಯೊಂದು ಸಿದ್ಧವಾಗಿಬಿಟ್ಟಿತೆಂದು ಯಾರೂ ಭಾವಿಸಬಾರದು. ಇವು ಪ್ರಯೋಗಾಲಯದ ಜೀವಕೋಶಗಳ ಮೇಲೂ ಇಲಿಗಳ ಮೇಲೂ ನಡೆದ ಪರೀಕ್ಷೆಗಳು. ಆದರೆ ಗಂತಿ ಯಾವ ಜಾತಿಯ ಜೀವಕೋಶದಿಂದ ಹುಟ್ಟಿತೆಂದು ತಿಳಿಯಲು ಇಂದು ಆಸ್ಪತ್ರೆಗಳು ಕೆರಟಿನ್ ಪರೀಕ್ಷೆಯನ್ನು ನಿತ್ಯವೂ ಬಳಸುತ್ತವೆ. ನಮ್ಮ ಮೇಜಿನ ಮೇಲಿನ ವರದಿಗಳಲ್ಲಿ ಕಂಡ ಪದದ ಗುಟ್ಟು ಇದೇ.

ಇನ್ನು ನಮ್ಮ ಮನೆಯ ಮಾತು. ಶಿರಸಿ, ಶಿವಮೊಗ್ಗದ ಅಡಿಕೆ, ನಿಪ್ಪಾಣಿಯ ತಂಬಾಕು ಇವು ಕನ್ನಡ ನೆಲದ ಬೆಳೆಗಳು. ನಮ್ಮವರೆಷ್ಟೋ ಮಂದಿಯ ಅನ್ನ. ಎಲೆಯಡಿಕೆಯಿಲ್ಲದೆ ನಮ್ಮಲ್ಲಿ ಮದುವೆಯಿಲ್ಲ, ಮರ್ಯಾದೆಯಿಲ್ಲ. ಆದರೂ ಫ್ರಾನ್ಸಿನ ಲಿಯೋನಿನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿಸಿದ ತಾಂಬೂಲ ಕ್ಯಾನ್ಸರನ್ನುಂಟುಮಾಡುತ್ತದೆಂದು ೧೯೮೫ರಲ್ಲಿಯೂ, ತಂಬಾಕಿಲ್ಲದಿದ್ದರೂ ಅಡಿಕೆಯೇ ಸಾಕೆಂದು ೨೦೦೪ರಲ್ಲಿಯೂ ಸಾರಿದೆ. ಗುಟಕಾವನ್ನು ಮಹಾರಾಷ್ಟ್ರ ಸರಕಾರ ೨೦೧೨ರಲ್ಲಿ, ಕರ್ನಾಟಕ ಸರಕಾರ ೨೦೧೩ರಲ್ಲಿ ನಿಷೇಧಿಸಿದವು. ಕಾನೂನು ಅಂಗಡಿಯವರೆಗೆ ಬರಬಹುದು. ಕೆನ್ನೆಯ ಮೂಲೆಯವರೆಗೆ ಬರುವುದು ನಮ್ಮ ವಿವೇಕ ಮಾತ್ರ.

ನಮ್ಮ ಶಾಖೆಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದರು. ಕ್ಯಾಷ್ ಕೌಂಟರಿನಲ್ಲಿ ಅವರ ಕೈಯ ವೇಗಕ್ಕೆ ಸಮನಾದವರಿರಲಿಲ್ಲ. ಕೆನ್ನೆಯಲ್ಲಿ ಸದಾ ತಂಬಾಕು. ಒಂದು ಹುಣ್ಣಾಗಿ ತಿಂಗಳುಗಳೇ ಕಳೆದವು. ತೋರಿಸಿರೆಂದು ನಾವು ಬೇಡಿಕೊಂಡರೆ, “ಹಲ್ಲು ತಾಗೇದೋ ತಮ್ಮಾ, ತಾನ ಮಾಯತದ ಬಿಡು” ಎಂದು ನಗುತ್ತಿದ್ದರು. ಪರೇಲಿಗೆ ಕರೆದೊಯ್ಯುವ ಹೊತ್ತಿಗೆ ರೋಗ ಕುತ್ತಿಗೆಗೆ ಇಳಿದಿತ್ತು. ಅವರ ಚಿಕಿತ್ಸೆಯ ಬಿಲ್ಲುಗಳನ್ನು ಮೊದಲು ಬರೆದವರು ನಾವು. ಒಂದು ವರ್ಷದೊಳಗೆ ಅವರ ಮನೆಯವರ ಹೆಸರಿಗೆ ಭವಿಷ್ಯನಿಧಿಯ ಕಾಗದಗಳನ್ನು ತುಂಬಿದವರೂ ನಾವೇ. ವರದಿಯಲ್ಲಿದ್ದ ಆ ಒಂದು ಪದದ ಬೆನ್ನು ಹತ್ತಿ ಇಷ್ಟು ದೂರ ಬಂದುದಕ್ಕೆ ಅವರೇ ಕಾರಣ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಬಾಯಿಯಲ್ಲಿ ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ಮೊದಲಿನಷ್ಟು ಅಗಲ ತೆರೆಯದಿರುವ ಬಿಗಿತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂದು ಸುಮ್ಮನಿರಬಾರದು, ಆರಂಭದಲ್ಲಿ ಎಷ್ಟೋ ಸಲ ನೋವಿರುವುದಿಲ್ಲ. ಬೇಗ ಕಂಡ ರೋಗಕ್ಕೆ ಬೇಗ ಪರಿಹಾರವುಂಟು. ಮನೆಯ ಹಿರಿಯರಿಗೆ ಹೇಳುವುದು ಹೇಗೆಂದು ಸಂಕೋಚಪಡುವ ಕಿರಿಯರು ಈ ಪುಟವನ್ನು ಅವರಿಗೆ ಓದಿ ಹೇಳಲಿ. ಅಷ್ಟರಿಂದ ಒಬ್ಬರಾದರೂ ಸಕಾಲದಲ್ಲಿ ಪರೇಲಿನ ಬಸ್ಸು ಹತ್ತಿದರೆ ನಾವು ಬರೆದದ್ದು ಸಾರ್ಥಕ.